ಗಂಟಲು ನೋವಿನಿಂದ ಒಲೆಯ ಹೊಗೆಯವರೆಗೆ: ಡಾ. ಪದ್ಮಾವತಿ ಕಂಡ ಹೃದ್ರೋಗ

ಹೃದ್ರೋಗಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಾಮಾನ್ಯವಾಗಿ ಒಬ್ಬ ಗಂಡಸು. ಐವತ್ತು ದಾಟಿದೆ, ಹೊಟ್ಟೆ ಬಂದಿದೆ, ಸಿಗರೇಟು ಬಿಟ್ಟಿಲ್ಲ, ಕೆಲಸದ ಟೆನ್ಷನ್ ಬೇರೆ. ಒಂದು ದಿನ ಎದೆ ಹಿಡಿದುಕೊಂಡು ಕೂತುಬಿಡುತ್ತಾನೆ. ಈ ಚಿತ್ರ ಸುಳ್ಳಲ್ಲ. ಆದರೆ ಅರ್ಧ ಮಾತ್ರ.

ಉಳಿದರ್ಧ ಕಾಣಬೇಕಾದರೆ 1950ರ ದಶಕದ ದೆಹಲಿಗೆ ಹೋಗಬೇಕು. ಅಲ್ಲಿನ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜು ಹೆಂಗಸರಿಗೆಂದೇ ಶುರುವಾಗಿದ್ದು. ಗಂಡು ಡಾಕ್ಟರ ಮುಂದೆ ಕೂರಲು ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. ಹೃದಯ ಸೋತು, ಏದುಸಿರು ಬಿಡುತ್ತಾ ಅಲ್ಲಿಗೆ ಬರುತ್ತಿದ್ದವರಲ್ಲಿ ಎಳೆ ವಯಸ್ಸಿನ ಬಸುರಿಯರಿದ್ದರು. ಬೀಡಿ, ಸಿಗರೇಟು ಮುಟ್ಟದ ಗೃಹಿಣಿಯರಿದ್ದರು. ಹಾಗಾದರೆ ಇವರ ಹೃದಯ ಕೆಟ್ಟಿದ್ದು ಯಾಕೆ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಡಾ. ಎಸ್. ಐ. ಪದ್ಮಾವತಿ. ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಅಂತ ಅವರ ಹೆಸರು ಪರಿಚಿತ. ಆದರೆ ‘ಮೊದಲ ಮಹಿಳೆ’ ಅನ್ನುವಷ್ಟಕ್ಕೇ ಅವರ ಕಥೆ ಮುಗಿಸಿಬಿಟ್ಟರೆ ನನಗೆ ಬೇಜಾರಾಗುತ್ತದೆ. ಅವರು ಮಾಡಿದ ದೊಡ್ಡ ಕೆಲಸ ಅದಲ್ಲ. ಹೃದಯದ ಕಾಯಿಲೆಗೆ ಕಾರಣವನ್ನು ಅವರು ಹೃದಯದ ಆಚೆ ಹೋಗಿ ಹುಡುಕಿದರು. ಮಕ್ಕಳ ಗಂಟಲಲ್ಲಿ, ಹೆಂಗಸರ ಅಡುಗೆಮನೆಯಲ್ಲಿ. ಅದು ಹೇಗೆ ಅಂತ ತಿಳಿಯಬೇಕಾದರೆ ಹೃದಯ ಕೆಲಸ ಮಾಡುವ ಬಗೆಯನ್ನೂ ಸ್ವಲ್ಪ ನೋಡಬೇಕು. ಎರಡನ್ನೂ ಜೊತೆಜೊತೆಯಾಗಿ ಹೇಳುತ್ತೇನೆ.

ಬರ್ಮಾದಿಂದ ಬಾಸ್ಟನ್‌ವರೆಗೆ

ಪದ್ಮಾವತಿ ಹುಟ್ಟಿದ್ದು 1917ರ ಜೂನ್ 20ರಂದು, ಬರ್ಮಾದ ಮಾಗ್ವೆ ಎಂಬ ಊರಲ್ಲಿ. ಈಗ ಅದು ಮ್ಯಾನ್ಮಾರ್. ಆಗ ಬರ್ಮಾ ಕೂಡ ಬ್ರಿಟಿಷ್ ಇಂಡಿಯಾದ ಒಂದು ಭಾಗ. ತಂದೆ ಬ್ಯಾರಿಸ್ಟರ್. ಮಗಳು ರಂಗೂನ್ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿದರು.

ಅಷ್ಟರಲ್ಲಿ ಯುದ್ಧ ಬಂತು. 1942ರಲ್ಲಿ ಜಪಾನಿ ಸೇನೆ ಬರ್ಮಾಕ್ಕೆ ನುಗ್ಗಿತು. ಅಲ್ಲಿದ್ದ ಲಕ್ಷಾಂತರ ಭಾರತೀಯರು ಮನೆಮಠ ಬಿಟ್ಟು ಹೊರಟರು. ಎಷ್ಟೋ ಜನ ಕಾಡು, ಬೆಟ್ಟ ದಾಟಿ ನಡೆದೇ ಬಂದರು. ದಾರಿಯಲ್ಲೇ ಜೀವ ಬಿಟ್ಟವರು ಸಾವಿರಾರು. ಪದ್ಮಾವತಿ ತಾಯಿ ಮತ್ತು ಅಕ್ಕತಂಗಿಯರ ಜೊತೆ ವಿಮಾನದಲ್ಲಿ ಪಾರಾಗಿ ಕೊಯಮತ್ತೂರು ಸೇರಿಕೊಂಡರು. ಮನೆಯ ಗಂಡಸರು ಅಲ್ಲೇ ಉಳಿದರು. ಅವರು ಏನಾದರು, ಎಲ್ಲಿದ್ದಾರೆ ಅನ್ನುವ ಸುದ್ದಿಯೇ ಇಲ್ಲದೆ ವರ್ಷಗಳು ಕಳೆದವು. ಯುದ್ಧ ಮುಗಿದ ಮೇಲೆಯೇ ಕುಟುಂಬ ಮತ್ತೆ ಒಂದಾಗಿದ್ದು.

1949ರಲ್ಲಿ ಅವರು ಲಂಡನ್ನಿಗೆ ಹೋದರು. ಲಂಡನ್ ಮತ್ತು ಎಡಿನ್‌ಬರೊ ಎರಡೂ ಕಡೆಯ ರಾಯಲ್ ಕಾಲೇಜುಗಳ ಪದವಿ ಪಡೆದರು. ಲಂಡನ್ನಿನ ನ್ಯಾಷನಲ್ ಹಾರ್ಟ್ ಹಾಸ್ಪಿಟಲ್‌ನಲ್ಲಿ ಕೆಲಸ ಮಾಡುವಾಗ ಹೃದಯದ ಕಡೆ ಮನಸ್ಸು ಗಟ್ಟಿಯಾಯಿತು. ಮುಂದೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸ್ವಲ್ಪ ಕಾಲ ಕಲಿತು ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಇಬ್ಬರು ಗುರುಗಳ ಬಗ್ಗೆ ಹೇಳಲೇಬೇಕು.

ಒಬ್ಬರು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಲೆನ್ ಟಾಸಿಗ್. ಹುಟ್ಟುತ್ತಲೇ ಮೈ ನೀಲಿಯಾಗಿರುವ ಮಕ್ಕಳಿರುತ್ತವೆ. ಹೃದಯದ ರಚನೆಯಲ್ಲೇ ತೊಡಕಿದ್ದು, ರಕ್ತ ಸಾಕಷ್ಟು ಶ್ವಾಸಕೋಶಕ್ಕೆ ಹೋಗುವುದಿಲ್ಲ, ಆಮ್ಲಜನಕ ಸಿಗುವುದಿಲ್ಲ, ಅದಕ್ಕೇ ನೀಲಿ. ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ರಕ್ತನಾಳಕ್ಕೆ ಜೋಡಿಸಿದರೆ ಹೇಗೆ ಅನ್ನುವ ಯೋಚನೆ ಟಾಸಿಗ್ ಅವರದು. 1944ರಲ್ಲಿ ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್ ಅದನ್ನು ಮಾಡಿ ತೋರಿಸಿದರು. ಅದಕ್ಕೆ ಬೇಕಾದ ಕೈಕೆಲಸವನ್ನು ಪ್ರಯೋಗಾಲಯದಲ್ಲಿ ರೂಪಿಸಿದವರು ವಿವಿಯನ್ ಥಾಮಸ್. ಟಾಸಿಗ್ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹೃದ್ರೋಗ ತಜ್ಞರಿಗೆ ಕಿವಿಯೇ ಮುಖ್ಯ ಅಲ್ವಾ? ಅವರು ಮಗುವಿನ ಎದೆ ಮೇಲೆ ಬೆರಳಿಟ್ಟು, ಮಿಡಿತವನ್ನು ಮುಟ್ಟಿಯೇ ತಿಳಿಯುವುದನ್ನು ರೂಢಿಸಿಕೊಂಡಿದ್ದರು.

ಇನ್ನೊಬ್ಬರು ಹಾರ್ವರ್ಡ್‌ನ ಪಾಲ್ ಡಡ್ಲಿ ವೈಟ್. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಚಿಕಿತ್ಸೆಗೆ ಕರೆಸಿದ್ದು ಇವರನ್ನೇ. ನಡೆಯಿರಿ, ಸೈಕಲ್ ಹೊಡೆಯಿರಿ, ಕಾಯಿಲೆ ಬರದಂತೆ ನೋಡಿಕೊಳ್ಳಿ ಅಂತ ಊರಿಗೆಲ್ಲ ಹೇಳುತ್ತಿದ್ದ ಡಾಕ್ಟರ್ ಅವರು. ಬಂದ ರೋಗಕ್ಕೆ ಮದ್ದು ಕೊಡುವುದು ಅರ್ಧ ಕೆಲಸ, ಬರದ ಹಾಗೆ ತಡೆಯುವುದು ಇನ್ನರ್ಧ ಎಂಬುದು ವೈಟ್ ಅವರ ನಂಬಿಕೆ. ಪದ್ಮಾವತಿ ಅವರ ಮುಂದಿನ ಕೆಲಸದಲ್ಲೆಲ್ಲ ಇದರ ಗುರುತು ಕಾಣುತ್ತದೆ.

1953ರಲ್ಲಿ ಅವರು ಭಾರತಕ್ಕೆ ಬಂದರು. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರನ್ನು ಲೇಡಿ ಹಾರ್ಡಿಂಜ್‌ಗೆ ಕಳಿಸಿದರು. 1954ರಲ್ಲಿ ಅಲ್ಲಿ ಹೃದ್ರೋಗದ ಕ್ಲಿನಿಕ್ ತೆರೆಯಿತು.

ಒಂದಲ್ಲ, ಎರಡು ಪಂಪು

ಹೃದಯ ಒಂದು ಪಂಪು ಅಂತ ಎಲ್ಲರೂ ಹೇಳುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಅದು ಒಂದಕ್ಕೊಂದು ಅಂಟಿಕೊಂಡ ಎರಡು ಪಂಪು. ಬಲಗಡೆಯದು ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಗಡೆಯದು ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಮೈಗೆಲ್ಲ ದಬ್ಬುತ್ತದೆ. ಎರಡೂ ಒಟ್ಟಿಗೇ ಮಿಡಿಯುತ್ತವೆ. ನಿಮಿಷಕ್ಕೆ ಸುಮಾರು 70 ಸಲ, ದಿನಕ್ಕೆ ಸುಮಾರು 1 ಲಕ್ಷ ಸಲ.

ಆದರೆ ಎರಡರ ದುಡಿಮೆ ಸಮ ಅಲ್ಲ. ಎಡ ಪಂಪು ತಲೆಯಿಂದ ಕಾಲ್ಬೆರಳ ತನಕ ರಕ್ತ ಮುಟ್ಟಿಸಬೇಕು. ಬಿಪಿ ನೋಡಿಸಿಕೊಂಡಾಗ ಮೊದಲು ಹೇಳುವ 120 ಅದರ ಒತ್ತಡ. ಬಲ ಪಂಪಿಗೆ ಪಕ್ಕದ ಶ್ವಾಸಕೋಶದವರೆಗೆ ಕಳಿಸಿದರೆ ಸಾಕು. ಅದರ ಒತ್ತಡ 25ರ ಆಸುಪಾಸು. ಹಾಗಾಗಿ ಎಡಗಡೆಯ ಗೋಡೆ ದಪ್ಪ, ಬಲಗಡೆಯದು ತೆಳು. ಈ ತೆಳು ಗೋಡೆಯನ್ನು ನೆನಪಿಟ್ಟುಕೊಳ್ಳಿ, ಒಲೆಯ ವಿಷಯ ಬಂದಾಗ ಬೇಕಾಗುತ್ತದೆ.

ಪ್ರತಿ ಪಂಪಿಗೂ ಮೇಲೊಂದು, ಕೆಳಗೊಂದು ಕೋಣೆ. ರಕ್ತ ಹಿಂದಕ್ಕೆ ಹರಿಯದಂತೆ ಒಟ್ಟು ನಾಲ್ಕು ವಾಲ್ವ್. ಸ್ಟೆತೊಸ್ಕೋಪಿನಲ್ಲಿ ಕೇಳುವ ‘ಲಬ್ ಡಬ್’ ಈ ವಾಲ್ವ್‌ಗಳು ಮುಚ್ಚುವ ಸದ್ದು. ಎಡಗಡೆಯ ಎರಡು ಕೋಣೆಗಳ ನಡುವಿನದು ಮೈಟ್ರಲ್ ವಾಲ್ವ್. ಎರಡು ಎಸಳಿನ, ನೋಡಲು ನಾಜೂಕಾದ ಬಾಗಿಲು. ಪೂರ್ತಿ ತೆರೆದಾಗ ಅದರ ಕಿಂಡಿ 4ರಿಂದ 6 ಚದರ ಸೆಂಟಿಮೀಟರ್. ಎರಡು ಬೆರಳು ತೂರುವಷ್ಟು.

ಎದೆ ಕೊಯ್ಯದೆ ಒಳಗೆ ನೋಡುವುದು

ಈಗ ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನೂ ಪರದೆ ಮೇಲೆ ನೋಡುತ್ತೇವೆ. 1954ರಲ್ಲಿ ಎಕೋ ಸ್ಕ್ಯಾನ್ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಡಾಕ್ಟರ ಕೈಲಿದ್ದದ್ದು ಸ್ಟೆತೊಸ್ಕೋಪು, ಎಕ್ಸ್‌ರೇ, ಇಸಿಜಿ. ಒಳಗೆ ಯಾವ ಕೋಣೆಯಲ್ಲಿ ಎಷ್ಟು ಒತ್ತಡವಿದೆ ಅಂತ ತಿಳಿಯಬೇಕಾದರೆ ಇದ್ದ ದಾರಿ ಕ್ಯಾಥೆಟರ್.

ಕ್ಯಾಥೆಟರ್ ಅಂದರೆ ಉದ್ದನೆಯ, ಸಪೂರ, ಬಳುಕುವ ಕೊಳವೆ. ಇದನ್ನು ಹೃದಯದವರೆಗೆ ಮೊದಲು ತಲುಪಿಸಿದ್ದು ಜರ್ಮನಿಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಆ ಎಳೆಯ ಡಾಕ್ಟರ್ ತನ್ನದೇ ತೋಳಿನ ರಕ್ತನಾಳ ಕೊಯ್ದು, ಮೂತ್ರನಾಳಕ್ಕೆ ಬಳಸುವ ಕೊಳವೆಯನ್ನು 65 ಸೆಂಟಿಮೀಟರ್ ಒಳಗೆ ತೂರಿಸಿಕೊಂಡ. ಆಮೇಲೆ ಎಕ್ಸ್‌ರೇ ಕೋಣೆಗೆ ನಡೆದು ಹೋಗಿ, ಕೊಳವೆಯ ತುದಿ ಹೃದಯದೊಳಗಿರುವ ಚಿತ್ರ ತೆಗೆಸಿದ. ಆಗ ಅವನಿಗೆ ಸಿಕ್ಕಿದ್ದು ಬೈಗುಳ. ಮುಂದೆ ನ್ಯೂಯಾರ್ಕಿನಲ್ಲಿ ಕುರ್ನಾಂಡ್ ಮತ್ತು ರಿಚರ್ಡ್ಸ್ ಇದನ್ನು ಸರಿಯಾದ ಪರೀಕ್ಷೆಯಾಗಿ ಬೆಳೆಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು.

ಪದ್ಮಾವತಿ ಅವರು ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಲೇಡಿ ಹಾರ್ಡಿಂಜ್‌ನಲ್ಲಿ ಕ್ಯಾಥ್ ಲ್ಯಾಬ್ ಕಟ್ಟಿದರು. ಉತ್ತರ ಭಾರತದಲ್ಲಿ ಅದೇ ಮೊದಲು. ಫೋರ್ಸ್‌ಮನ್‌ಗೆ ನೊಬೆಲ್ ಬಂದಿದ್ದೂ ಅದೇ ದಶಕದಲ್ಲಿ ಅಂದರೆ, ಹೊಸ ವಿದ್ಯೆ ಎಷ್ಟು ಬೇಗ ದೆಹಲಿಯ ಹೆಂಗಸರ ಆಸ್ಪತ್ರೆಗೆ ಬಂತು ನೋಡಿ.

ಈ ಕೊಳವೆಯಿಂದ ಏನು ಗೊತ್ತಾಗುತ್ತದೆ? ಎರಡು ವಿಷಯ. ಮೊದಲನೆಯದು ಒತ್ತಡ. ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ 25 ಇರಬೇಕಾದದ್ದು 70 ತೋರಿಸಿದರೆ ಮುಂದೆ ಎಲ್ಲೋ ದಾರಿ ಕಟ್ಟಿದೆ ಅಂತ ಅರ್ಥ. ಎರಡನೆಯದು ಆಮ್ಲಜನಕ. ಕೋಣೆಯಿಂದ ಕೋಣೆಗೆ ಹೋಗುತ್ತಾ ಒಂದೊಂದು ಹನಿ ರಕ್ತ ತೆಗೆದು ನೋಡುತ್ತಾರೆ. ಬಲಗಡೆ ಬರುವ ರಕ್ತ ಆಮ್ಲಜನಕ ಖರ್ಚು ಮಾಡಿ ಬಂದದ್ದು, ಅದರಲ್ಲಿ ಸುಮಾರು ಶೇ. 70ರಿಂದ 75 ಉಳಿದಿರುತ್ತದೆ. ಮೇಲಿನ ಬಲ ಕೋಣೆಯಲ್ಲಿ ದಿಢೀರನೆ ಶೇ. 85 ಕಂಡರೆ? ಎಡಗಡೆಯ ಒಳ್ಳೆ ರಕ್ತ ಸೋರಿ ಇಲ್ಲಿಗೆ ಬರುತ್ತಿದೆ, ನಡುವಿನ ಗೋಡೆಯಲ್ಲಿ ತೂತಿದೆ. ಒಂದು ಕೊಳವೆ, ಕೆಲವು ಹನಿ ರಕ್ತ, ಎರಡು ಸಂಖ್ಯೆ. ತೂತು ಎಲ್ಲಿದೆ ಅಂತ ಎದೆ ಕೊಯ್ಯದೆ ಹೇಳಬಹುದು. ಇದನ್ನು ಮೊದಲ ಸಲ ಓದಿ ಅರ್ಥವಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಗಂಟಲಿನಿಂದ ಹೃದಯಕ್ಕೆ

ಆ ಕಾಲದಲ್ಲಿ ಭಾರತದ ಎಳೆಯರ ಹೃದಯ ಕೆಡಿಸುತ್ತಿದ್ದ ದೊಡ್ಡ ಕಾಯಿಲೆ ರುಮ್ಯಾಟಿಕ್ ಹೃದ್ರೋಗ. ಪದ್ಮಾವತಿ ಅವರು ವರ್ಷಾನುಗಟ್ಟಲೆ ಬೆನ್ನು ಬಿದ್ದ ರೋಗವಿದು.

ಶುರುವಾಗುವುದು ಸಾಮಾನ್ಯ ಗಂಟಲು ನೋವಿನಿಂದ. 5ರಿಂದ 15 ವರ್ಷದ ಮಗು. ಗಂಟಲು ಕೆಂಪಗಾಗಿ ಊದಿದೆ, ಜ್ವರ ಇದೆ, ಎಂಜಲು ನುಂಗಲೂ ನೋವು. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ. ಮೂರ್ನಾಲ್ಕು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಮನೆಯವರು ಮರೆತೂ ಬಿಡುತ್ತಾರೆ.

ಮರೆಯದೆ ಇರುವುದು ಮಗುವಿನ ಮೈ. ಬ್ಯಾಕ್ಟೀರಿಯಾವನ್ನು ಹೊಡೆಯಲು ದೇಹ ಕೆಲವು ಆಯುಧ ತಯಾರಿಸಿಕೊಂಡಿರುತ್ತದೆ. ತೊಂದರೆ ಏನೆಂದರೆ, ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಪ್ರೋಟೀನುಗಳು ನಮ್ಮ ಕೀಲು ಮತ್ತು ಹೃದಯದ ಪ್ರೋಟೀನುಗಳನ್ನೇ ಹೋಲುತ್ತವೆ. ಕಳ್ಳನ ಮುಖ ಮನೆಯವನ ಮುಖದಂತೆಯೇ ಇದ್ದರೆ ಕಾವಲುಗಾರ ಏನು ಮಾಡಿಯಾನು? ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಜ್ವರ. ಇವತ್ತು ಮಂಡಿ ಊದುತ್ತದೆ, ನಾಳೆ ಅದು ಇಳಿದು ಮಣಿಕಟ್ಟು ಊದುತ್ತದೆ. ಇದು ರುಮ್ಯಾಟಿಕ್ ಜ್ವರ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ಡಾಕ್ಟರುಗಳಲ್ಲಿ ಒಂದು ಹಳೇ ಮಾತಿದೆ. ಕೀಲಿನ ಊತ ಗುರುತೂ ಉಳಿಯದಂತೆ ಇಳಿಯುತ್ತದೆ. ವಾಲ್ವಿನ ಗಾಯ ಮಾತ್ರ ಉಳಿದುಬಿಡುತ್ತದೆ.

ಗಾಯ ಒಣಗುವಾಗ ಕಲೆ ಬೀಳುತ್ತದೆ ಅಲ್ವಾ? ಸುಟ್ಟ ಗಾಯದ ಕಲೆ ಚರ್ಮವನ್ನು ಹೇಗೆ ಬಿಗಿದು ಎಳೆಯುತ್ತದೋ ಹಾಗೆ ಮೈಟ್ರಲ್ ವಾಲ್ವಿನ ಎಸಳುಗಳು ದಪ್ಪಗಾಗಿ, ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಂಟಲು ನೋವು ಮತ್ತೆ ಮತ್ತೆ ಬಂದರೆ ಗಾಯದ ಮೇಲೆ ಗಾಯ. ಎರಡು ಬೆರಳು ತೂರುತ್ತಿದ್ದ ಕಿಂಡಿ ಅಂಗಿಯ ಗುಂಡಿ ತೂರುವ ಸೀಳಿನಷ್ಟಾಗುತ್ತದೆ. ಆಗ ಸ್ಟೆತೊಸ್ಕೋಪ್ ಇಟ್ಟರೆ ‘ಲಬ್ ಡಬ್’ ಆದಮೇಲೆ ತಗ್ಗಿದ ದನಿಯಲ್ಲಿ ಗುಡುಗುಡು ಸದ್ದು ಕೇಳುತ್ತದೆ. ದೂರದ ಗುಡುಗಿನ ಹಾಗೆ. ಕಿರಿದಾದ ಬಾಗಿಲಲ್ಲಿ ರಕ್ತ ನುಗ್ಗುವ ಸದ್ದು ಅದು. ಕಿವಿಗಿಟ್ಟ ಕೂಡಲೇ ಎಲ್ಲರಿಗೂ ಕೇಳುವುದಿಲ್ಲ. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಮೊಲೆಯ ಕೆಳಗೆ ಹಗುರವಾಗಿ ಇಟ್ಟು ಕಾಯಬೇಕು.

ಇಲ್ಲಿ ಬಸುರಿಯರ ವಿಷಯ ಬರುತ್ತದೆ. ವಾಲ್ವ್ ಕಿರಿದಾಗಿದ್ದರೂ ಎಷ್ಟೋ ಹುಡುಗಿಯರು ಏನೂ ಆಗಿಲ್ಲ ಎಂಬಂತೆ ಬೆಳೆದು ಮದುವೆಯಾಗುತ್ತಾರೆ. ಬಸುರಿಯಾದಾಗ ಮೈಯ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುತ್ತದೆ. ಅಷ್ಟು ರಕ್ತ ಆ ಸಣ್ಣ ಕಿಂಡಿಯಲ್ಲಿ ದಾಟಲಾರದು. ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸ್ವಲ್ಪ ಹಗುರ. ಬಸುರಿಯಲ್ಲಿ ಸುಸ್ತು, ಏದುಸಿರು ಎಲ್ಲ ಇರುವುದೇ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಹೆಂಗಸರ ಆಸ್ಪತ್ರೆಯಲ್ಲಿ ಹೃದಯದ ಕ್ಲಿನಿಕ್ ತೆರೆದದ್ದು ಎಷ್ಟು ಸರಿಯಾದ ಜಾಗದಲ್ಲಿ ಅಂತ ಈಗ ಹೊಳೆಯಬೇಕು.

ಇದನ್ನು ತಡೆಯುವ ಮದ್ದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಪೆನಿಸಿಲಿನ್. ಗಂಟಲು ಸೋಂಕಿಗೆ ಸರಿಯಾಗಿ ಕೊಟ್ಟರೆ ರುಮ್ಯಾಟಿಕ್ ಜ್ವರವೇ ಬರದಂತೆ ತಡೆಯಬಹುದು. ಒಮ್ಮೆ ಆ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಂದು ಇಂಜೆಕ್ಷನ್, ಅದೂ ವರ್ಷಗಟ್ಟಲೆ. ಸೊಂಟದ ಇಂಜೆಕ್ಷನ್, ನೋವು ಜಾಸ್ತಿ. ಮಗು ಹುಷಾರಾಗಿದೆ, ಓಡಾಡಿಕೊಂಡಿದೆ. ಸುಮ್ನೆ ಯಾಕೆ ಚುಚ್ಚಿಸಬೇಕು ಅಂತ ತಂದೆತಾಯಿಗೆ ಅನ್ನಿಸುವುದು ಸಹಜ. ಆದರೆ ತಪ್ಪಿಸಿದ ಒಂದೊಂದು ಇಂಜೆಕ್ಷನ್ನೂ ಮತ್ತೊಂದು ಗಾಯಕ್ಕೆ ಬಾಗಿಲು ತೆರೆಯುತ್ತದೆ. ಕಿಕ್ಕಿರಿದ ಮನೆ, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಕಡೆ ಗಂಟಲಿನ ಸೋಂಕು ಬೇಗ ಹರಡುತ್ತದೆ. ಹಾಗಾಗಿ ಇದು ಬಡತನದ ಹೃದ್ರೋಗ.

ಈಗ ಅಂಟಿಕೊಂಡ ವಾಲ್ವನ್ನು ಬಿಡಿಸಲೂ ಕ್ಯಾಥೆಟರೇ ಸಾಕಾಗುತ್ತದೆ. ಕೊಳವೆಯ ತುದಿಯ ಪುಟ್ಟ ಬಲೂನನ್ನು ವಾಲ್ವಿನ ನಡುವೆ ಊದಿದರೆ ಎಸಳುಗಳು ಬಿಡಿಸಿಕೊಳ್ಳುತ್ತವೆ. 1980ರ ದಶಕದಲ್ಲಿ ಜಪಾನಿನ ಕಾಂಜಿ ಇನೌಯೆ ತೋರಿಸಿಕೊಟ್ಟ ದಾರಿ ಇದು.

ಒಲೆಯ ಮುಂದೆ ಕೂತವಳು

ನನ್ನ ಅಜ್ಜಿಯ ಅಡುಗೆಮನೆ ನನಗೆ ಚೆನ್ನಾಗಿ ನೆನಪಿದೆ. ಗೋಡೆ, ಜಂತಿ ಎಲ್ಲ ಮಸಿ ಹಿಡಿದು ಮಿರಮಿರ ಹೊಳೆಯುತ್ತಿದ್ದವು. ಸೌದೆ ಹಸಿಯಾಗಿದ್ದ ದಿನ ಒಲೆ ಹತ್ತುತ್ತಿರಲಿಲ್ಲ. ಅಜ್ಜಿ ನೆಲಕ್ಕೆ ಬಾಗಿ ಊದುಗೊಳವೆಯಲ್ಲಿ ಊದುತ್ತಿದ್ದಳು. ಬೂದಿ ಹಾರಿ ಕೂದಲ ಮೇಲೆ ಕೂರುತ್ತಿತ್ತು. ಊದುವುದು, ಕೆಮ್ಮುವುದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು, ಮತ್ತೆ ಊದುವುದು. ಊದಿದ ಮೇಲೆ ಉಸಿರು ಎಳೆದುಕೊಳ್ಳಲೇಬೇಕು. ಎಳೆದುಕೊಳ್ಳುವುದು ಅದೇ ಹೊಗೆಯನ್ನು. ‘ನಂಗೆ ಅಭ್ಯಾಸ ಆಗ್ಬಿಟ್ಟಿದೆ, ನೀನು ಆಚೆ ಹೋಗು’ ಅನ್ನುತ್ತಿದ್ದಳು.

ಪದ್ಮಾವತಿ ಅವರು 1959ರಲ್ಲಿ ಎಸ್. ಎನ್. ಪಾಠಕ್ ಜೊತೆ ಸೇರಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಹೃದ್ರೋಗ ಸಂಘದ ಪತ್ರಿಕೆ ಅದು. ಪ್ರಬಂಧದ ವಿಷಯ ದೆಹಲಿಯ 127 ರೋಗಿಗಳು. ಅವರಿಗೆಲ್ಲ ಇದ್ದ ಕಾಯಿಲೆ ಕಾರ್ ಪಲ್ಮೊನೇಲ್. ಲ್ಯಾಟಿನ್ ಹೆಸರು, ಅರ್ಥ ‘ಶ್ವಾಸಕೋಶದ ಹೃದಯ’ ಅಂತ. ಶ್ವಾಸಕೋಶ ಕೆಟ್ಟಿದ್ದರಿಂದ ಹೃದಯ ಕೆಡುವುದು.

ಈಗ ಆ ತೆಳು ಗೋಡೆಯ ಬಲ ಪಂಪನ್ನು ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದ ಕೊಳವೆಗಳು ಊದಿಕೊಂಡು ಕಫ ಕಟ್ಟುತ್ತವೆ. ಗಾಳಿಯ ಸಣ್ಣ ಸಣ್ಣ ಚೀಲಗಳು ಹರಿದು ಒಂದಾಗುತ್ತವೆ. ಅವುಗಳ ಗೋಡೆಯಲ್ಲಿದ್ದ ಕೂದಲೆಳೆಯಂಥ ರಕ್ತನಾಳಗಳೂ ನಾಶವಾಗುತ್ತವೆ. ಆಮ್ಲಜನಕ ಸಿಗದ ಕಡೆ ಉಳಿದ ನಾಳಗಳು ಬಿಗಿದುಕೊಳ್ಳುತ್ತವೆ. ರಸ್ತೆಗಳು ಮುಚ್ಚುತ್ತಾ ಹೋದಂತೆ ಇರುವ ಒಂದೆರಡು ರಸ್ತೆಯಲ್ಲಿ ನೂಕುನುಗ್ಗಲು. 25ರ ಒತ್ತಡಕ್ಕೆ ಹುಟ್ಟಿದ ತೆಳು ಗೋಡೆ ಈಗ 50, 60ರ ಒತ್ತಡದಲ್ಲಿ ದಬ್ಬಬೇಕು. ಮೊದಲು ಅದು ದಪ್ಪಗಾಗಿ ಹೆಣಗುತ್ತದೆ. ಆಮೇಲೆ ಹಿಗ್ಗುತ್ತದೆ. ಕೊನೆಗೆ ಸೋಲುತ್ತದೆ. ರಕ್ತ ಹಿಂದೆ ನಿಲ್ಲುತ್ತದೆ. ಕತ್ತಿನ ರಕ್ತನಾಳ ಉಬ್ಬುತ್ತದೆ, ಈಲಿ (ಲಿವರ್) ಊದುತ್ತದೆ, ಕಾಲಿನಲ್ಲಿ ನೀರು ಇಳಿಯುತ್ತದೆ. ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ.

ಇದು ಬೀಡಿ, ಸಿಗರೇಟು ಸೇದುವ ಗಂಡಸರ ಕಾಯಿಲೆ ಎಂಬ ನಂಬಿಕೆ ಇತ್ತು. ದೆಹಲಿಯ ಲೆಕ್ಕ ಅದಕ್ಕೆ ಹೊಂದಲಿಲ್ಲ. ಗಂಡಸರಲ್ಲಿ ಶೇ. 75ರಷ್ಟು ಜನ ಧೂಮಪಾನಿಗಳು, ಹೆಂಗಸರಲ್ಲಿ ಶೇ. 10 ಮಾತ್ರ. ಆದರೂ ಕಾಯಿಲೆ ಇಬ್ಬರಲ್ಲೂ ಹೆಚ್ಚು ಕಡಿಮೆ ಒಂದೇ ಸಮ. ಅಷ್ಟೇ ಅಲ್ಲ, ಹೆಂಗಸರಿಗೆ 10ರಿಂದ 15 ವರ್ಷ ಮೊದಲೇ ಬರುತ್ತಿತ್ತು. ಬೀಡಿ ಸೇದದವಳಿಗೆ ಬೀಡಿ ಸೇದುವವನಿಗಿಂತ ಮೊದಲೇ ಯಾಕೆ? ಅವಳು ಇನ್ನೆಲ್ಲೋ ಹೊಗೆ ಕುಡಿಯುತ್ತಿರಬೇಕು. ಸೌದೆ, ಬೆರಣಿ ಉರಿಯುವ, ಹೊಗೆ ಹೋಗಲು ದಾರಿ ಇಲ್ಲದ ಅಡುಗೆಮನೆಯಲ್ಲಿ. 1976ರಲ್ಲಿ ಅರೋರಾ ಎಂಬವರ ಜೊತೆ ಬರೆದ ಇನ್ನೊಂದು ಪ್ರಬಂಧದಲ್ಲಿ ಗಂಡು ಹೆಣ್ಣಿನ ಈ ವ್ಯತ್ಯಾಸವನ್ನೇ ಪದ್ಮಾವತಿ ಮತ್ತೆ ಕೈಗೆತ್ತಿಕೊಂಡರು. ದಕ್ಷಿಣದ ರಾಜ್ಯಗಳಲ್ಲಿ ಈ ಕಾಯಿಲೆ ಉತ್ತರದಷ್ಟು ಇರಲಿಲ್ಲ. ನಮ್ಮ ಕಡೆ ಸೆಕೆ, ಬಾಗಿಲು ಕಿಟಕಿ ತೆರೆದೇ ಅಡುಗೆ ಮಾಡುತ್ತೇವೆ. ಉತ್ತರದ ಚಳಿಗೆ ಎಲ್ಲ ಮುಚ್ಚಿಕೊಂಡು ಕೂರಬೇಕು. ಅದಕ್ಕೇ ಈ ವ್ಯತ್ಯಾಸ ಅಂತ ಕಾರಣ ಕೊಟ್ಟರು.

ಪದ್ಮಾವತಿ ಅವರ ಕೆಲಸಗಳಲ್ಲಿ ನನಗೆ ಅತಿ ದೊಡ್ಡದು ಅನ್ನಿಸುವುದು ಇದೇ. ಇದಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ. ‘ಬೀಡಿ ಸೇದುತ್ತೀಯಾ?’ ಅಂತ ಕೇಳಿ, ‘ಇಲ್ಲ’ ಅಂದವಳಿಗೆ ‘ಹಾಗಾದರೆ ಒಲೆಗೆ ಏನು ಹಾಕುತ್ತೀಯಾ?’ ಅಂತ ಮುಂದಿನ ಪ್ರಶ್ನೆ ಕೇಳಬೇಕಿತ್ತು. ಅಡುಗೆ ಅನಿಲವನ್ನು ಬಡವರ ಮನೆಗೆ ತಲುಪಿಸುವ ಉಜ್ವಲಾ ಯೋಜನೆ ಶುರುವಾಗಿದ್ದು 2016ರಲ್ಲಿ. ಆ 127 ರೋಗಿಗಳ ಪ್ರಬಂಧ ಬಂದು ಅಷ್ಟು ಹೊತ್ತಿಗೆ 57 ವರ್ಷ ಕಳೆದಿತ್ತು.

ಮೊದಲ ಕೆಲವು ಗಂಟೆ

1967ರಲ್ಲಿ ಅವರು ಮೌಲಾನಾ ಆಜಾದ್ ಮೆಡಿಕಲ್ ಕಾಲೇಜಿನ ಮುಖ್ಯಸ್ಥೆಯಾದರು. ಅದಕ್ಕೆ ಸೇರಿದ ಇರ್ವಿನ್ ಮತ್ತು ಜಿ. ಬಿ. ಪಂತ್ ಆಸ್ಪತ್ರೆಗಳೂ ಅವರ ಉಸ್ತುವಾರಿಗೆ ಬಂದವು. ಪದ್ಮಭೂಷಣ ಬಂದದ್ದೂ ಅದೇ ವರ್ಷ. ಇಲ್ಲಿದ್ದಾಗ ಹೃದ್ರೋಗದಲ್ಲಿ ಡಿಎಂ ಎಂಬ ಉನ್ನತ ಕೋರ್ಸ್ ಶುರು ಮಾಡಿಸಿದರು. ಎಂಡಿ ಮುಗಿಸಿದ ಡಾಕ್ಟರು ಹೃದಯವನ್ನೇ ಆಳವಾಗಿ ಓದುವ ಕೋರ್ಸ್ ಇದು. ಇವತ್ತು ಬೋರ್ಡಿನ ಮೇಲೆ ಹೆಸರಿನ ಮುಂದೆ ‘ಡಿಎಂ, ಕಾರ್ಡಿಯಾಲಜಿ’ ಅಂತ ಕಂಡರೆ ಅದರ ಹಿಂದೆ ಈ ಹೆಜ್ಜೆ ಇದೆ.

ದೇಶದ ಮೊದಲ ಕರೋನರಿ ಕೇರ್ ಯೂನಿಟ್ ಮತ್ತು ಮೊದಲ ಕರೋನರಿ ಕೇರ್ ವ್ಯಾನ್ ಕೂಡ ಅಲ್ಲೇ ಬಂದವು. ಇವು ಯಾಕೆ ಮುಖ್ಯ? ಹೃದಯಾಘಾತ ಆದಾಗ ಹೃದಯದ ಮಾಂಸಕ್ಕೇ ರಕ್ತ ಕೊಡುವ ನಾಳ ಕಟ್ಟಿರುತ್ತದೆ. ಬೇಗ ಸಾಯುವವರಲ್ಲಿ ಬಹಳ ಜನ ಸಾಯುವುದು ಪಂಪು ಪೂರ್ತಿ ಹಾಳಾಗಿ ಅಲ್ಲ, ತಾಳ ತಪ್ಪಿ. ನೋವು ತಿಂದ ಮಾಂಸ ಮಿಡಿಯುವ ಬದಲು ಅದುರತೊಡಗುತ್ತದೆ. ಅದುರುವ ಹೃದಯ ಒಂದು ಹನಿ ರಕ್ತವನ್ನೂ ದಬ್ಬಲಾರದು. ಕೆಲವೇ ನಿಮಿಷದಲ್ಲಿ ಒಂದು ವಿದ್ಯುತ್ ಹೊಡೆತ ಕೊಟ್ಟರೆ ತಾಳಕ್ಕೆ ಮರಳಬಹುದು. ಮೊದಲೆಲ್ಲ ಇಂಥ ರೋಗಿಗಳು ಸಾಮಾನ್ಯ ವಾರ್ಡಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಮಲಗಿರುತ್ತಿದ್ದರು. ತಾಳ ತಪ್ಪಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. 1960ರ ದಶಕದ ಶುರುವಿನಲ್ಲಿ ಹೊರದೇಶದ ಕೆಲವು ಡಾಕ್ಟರು ಒಂದು ಸರಳ ಏರ್ಪಾಡು ಮಾಡಿದರು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಇಡುವುದು, ಪ್ರತಿಯೊಬ್ಬರ ಇಸಿಜಿ ಪರದೆ ಮೇಲೆ ಓಡುತ್ತಿರುವುದು, ಶಾಕ್ ಕೊಡಲು ಕಲಿತ ನರ್ಸ್ ಪಕ್ಕದಲ್ಲೇ ಇರುವುದು. ಇಷ್ಟರಿಂದಲೇ ಆಸ್ಪತ್ರೆಯೊಳಗಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಆದರೆ ಆಸ್ಪತ್ರೆ ತಲುಪುವ ಮೊದಲೇ ಸಾಯುವವರು? 1966ರಲ್ಲಿ ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಜ್ ಶಾಕ್ ಯಂತ್ರಕ್ಕೆ ಕಾರಿನ ಬ್ಯಾಟರಿ ಜೋಡಿಸಿ ಆಂಬುಲೆನ್ಸಿನಲ್ಲೇ ಕಳಿಸಿದರು. ರೋಗಿ ಬರುವವರೆಗೆ ಕಾಯದೆ ವಾರ್ಡನ್ನೇ ರೋಗಿಯ ಮನೆಗೆ ಒಯ್ಯುವ ಉಪಾಯ. ದೆಹಲಿಯ ವ್ಯಾನ್ ಇದೇ ಸಾಲಿನದು.

ಇದಕ್ಕೂ ಮೊದಲು, 1962ರಲ್ಲಿ, ಅವರು ಅಖಿಲ ಭಾರತ ಹಾರ್ಟ್ ಫೌಂಡೇಶನ್ ಕಟ್ಟಿದ್ದರು. 1966ರಲ್ಲಿ ಹೃದ್ರೋಗ ತಜ್ಞರ ವಿಶ್ವ ಸಮ್ಮೇಳನ ದೆಹಲಿಯಲ್ಲಿ ನಡೆದಾಗ ಅದರ ಪ್ರಧಾನ ಕಾರ್ಯದರ್ಶಿ ಪದ್ಮಾವತಿ ಅವರೇ. 1978ರಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತಿ ಆಯಿತು. ಆದರೂ ಮನೆಯಲ್ಲಿ ಕೂರಲಿಲ್ಲ. ಫೌಂಡೇಶನ್ ಕಡೆಯಿಂದ 1981ರಲ್ಲಿ ದಕ್ಷಿಣ ದೆಹಲಿಯಲ್ಲಿ ನ್ಯಾಷನಲ್ ಹಾರ್ಟ್ ಇನ್‌ಸ್ಟಿಟ್ಯೂಟ್ ಎದ್ದಿತು. 1992ರಲ್ಲಿ ಪದ್ಮವಿಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ಅವರು ರೋಗಿಗಳನ್ನು ನೋಡುತ್ತಿದ್ದರು. ಈಜುವುದೆಂದರೆ ಅವರಿಗೆ ಬಲು ಇಷ್ಟ, ಇಳಿವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಪಾಲ್ ವೈಟ್ ಅವರ ಶಿಷ್ಯೆ ಅಲ್ವಾ.

2020ರ ಆಗಸ್ಟಿನಲ್ಲಿ ಅವರಿಗೆ ಕೋವಿಡ್ ತಗುಲಿತು. ಆಗ ವಯಸ್ಸು 103. ತಾವೇ ಕಟ್ಟಿದ ಆಸ್ಪತ್ರೆಯಲ್ಲಿ ದಾಖಲಾದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹರಡಿತು, ವೆಂಟಿಲೇಟರ್ ಹಾಕಬೇಕಾಯಿತು. ಆಗಸ್ಟ್ 29ರಂದು ಅವರ ಹೃದಯ ನಿಂತಿತು.